ಬಾಗಿಲಿಗೆ ಅಂಟಿದ ನೋಟೀಸು ಮತ್ತು ನಮ್ಮ ಮೌನ

ಇಶಾ ನಮಾಝ್ ಮುಗಿದು ಜನರೆಲ್ಲ ಮನೆಗೆ ತೆರಳಿದ ಮೇಲೂ ಒಬ್ಬ ಸಹೋದರರು ಮಸೀದಿಯ ಕಂಬದ ಬಳಿ ನಿಂತೇ ಇದ್ದರು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಮೂರು ಲಕೋಟೆಗಳು ಮತ್ತು ಪತ್ರಿಕೆಯ ಒಂದು ತುಣುಕು. ಲಕೋಟೆಗಳಲ್ಲಿ ಎರಡನ್ನು ಅವರು ತೆರೆದೇ ಇರಲಿಲ್ಲ. ಕಾಮಾಕ್ಷಿಪಾಳ್ಯದ ಬಾಡಿಗೆ ಷೆಡ್ಡಿನಲ್ಲಿ ವೆಲ್ಡಿಂಗ್ ಕೆಲಸ ಮಾಡುವ ಅವರು, ವಿಜಯನಗರದ ಹಿಂಬದಿಯ ಬೀದಿಯೊಂದರಲ್ಲಿ ಇಪ್ಪತ್ತು–ಮೂವತ್ತರ ನಿವೇಶನದಲ್ಲಿ ಮನೆ ಕಟ್ಟಿಕೊಂಡಿದ್ದರು. ಲಾಕ್‌ಡೌನಿನ ಬಳಿಕ ಕುಸಿದ ವ್ಯಾಪಾರ ಮತ್ತೆ ಎದ್ದುನಿಂತಿರಲಿಲ್ಲ. ಕಂತುಗಳು ತಪ್ಪುತ್ತಾ ಹೋದವು.

ನಾವು ಲಕೋಟೆಗಳನ್ನು ತೆರೆದು ಓದಿದೆವು. ಮೊದಲನೆಯದು ಅರವತ್ತು ದಿನಗಳೊಳಗೆ ಬಾಕಿ ತೀರಿಸಬೇಕೆಂಬ ನೋಟೀಸು. ಅದಕ್ಕೆ ಏಳು ತಿಂಗಳಾಗಿತ್ತು. ಎರಡನೆಯದು ಮನೆಯನ್ನು ಬ್ಯಾಂಕು ಸ್ವಾಧೀನಕ್ಕೆ ತೆಗೆದುಕೊಂಡಿದೆಯೆಂಬ ಸೂಚನೆ. ಅದೇ ಸೂಚನೆಯನ್ನು ಬಾಗಿಲಿಗೂ ಅಂಟಿಸಲಾಗಿತ್ತು. ನೆರೆಯವರು ನೋಡುವ ಮೊದಲೇ, ಫಜ್ರ್ ವೇಳೆಯಲ್ಲಿ, ಅವರು ಅದನ್ನು ಕಿತ್ತುಹಾಕಿದ್ದರು. ಮೂರನೆಯದು ಹರಾಜಿನ ಸೂಚನೆ. ಪತ್ರಿಕೆಯ ತುಣುಕಿನಲ್ಲಿದ್ದುದೂ ಅದೇ. ಹರಾಜಿಗೆ ಇನ್ನು ಹನ್ನೊಂದು ದಿನಗಳಿದ್ದವು.

ವಿಷಯ ತಿಳಿದದ್ದೇ ತಡ, ಅವರ ಅಣ್ಣತಮ್ಮಂದಿರು, ಭಾವಮೈದುನರು ಒಟ್ಟುಗೂಡಿದರು. ಒಬ್ಬ ಸಹೋದರಿ ತನ್ನ ಚಿನ್ನವನ್ನು ತಂದಿಟ್ಟರು. ಒಂಬತ್ತನೆಯ ದಿನಕ್ಕೆ ಪೂರ್ತಿ ಬಾಕಿಯ ಹಣ ಕೈಯಲ್ಲಿತ್ತು. ಬ್ಯಾಂಕಿನ ಅಧಿಕಾರಿ ಒರಟಾಗಿಯೇನೂ ಮಾತನಾಡಲಿಲ್ಲ. ಹರಾಜಿನ ಸೂಚನೆ ಪ್ರಕಟವಾದ ಬಳಿಕ ಹಣ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಮುಗಿಯುತ್ತದೆ, ಈಗ ತಮ್ಮ ಕೈಯಲ್ಲಿ ಏನೂ ಇಲ್ಲ ಎಂದಷ್ಟೇ ಹೇಳಿದರು. ಮನೆ ಹೋಯಿತು. ಹಣವಿತ್ತು, ಕೊಡುವ ಮನಸ್ಸಿತ್ತು, ಕೊಡಲು ನಿಂತ ಬಂಧುಗಳಿದ್ದರು. ಇಲ್ಲದೇ ಹೋದದ್ದು ಸಮಯ ಮಾತ್ರ. ಆ ಸಮಯವನ್ನು ಕಸಿದದ್ದು ಬ್ಯಾಂಕಲ್ಲ. ತೆರೆಯದ ಲಕೋಟೆ ಮತ್ತು ಅದರ ಹಿಂದಿದ್ದ ನಾಚಿಕೆ.

ಈ ಲೇಖನವನ್ನು ಬರೆಯಲು ಆ ರಾತ್ರಿಯೇ ಕಾರಣ. ಸಾಲಗಾರನಿಗೆ ಕಾಲಾವಕಾಶವೆಂಬುದು ನಮ್ಮ ದೀನ್ ಒಪ್ಪಿರುವ ತತ್ವ. ಈ ದೇಶದ ಕಾನೂನು ಕೂಡ ಅದನ್ನು ಒಪ್ಪಿದೆ. ಆದರೆ ಕಾನೂನಿನ ಕಾಲಾವಕಾಶ ಎಣಿಸಿ ಕೊಟ್ಟ ದಿನಗಳಲ್ಲಿದೆ. ಎಣಿಸಲು ಬಾರದವರಿಗೆ, ಎಣಿಸಲು ಹೆದರುವವರಿಗೆ ಅದು ಇದ್ದೂ ಇಲ್ಲದಂತೆ.

ಕಾನೂನು ಬಂದ ಬಗೆ

ಹಿಂದೆ ಅಡಮಾನದ ಮನೆಯನ್ನು ಮಾರಬೇಕಾದರೆ ಸಾಲ ಕೊಟ್ಟವರು ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕಿತ್ತು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 60ನೇ ಕಲಮು ಅಡವಿಟ್ಟವನಿಗೆ ಹಣ ಕಟ್ಟಿ ಆಸ್ತಿಯನ್ನು ಬಿಡಿಸಿಕೊಳ್ಳುವ ಹಕ್ಕನ್ನು ಕೊಟ್ಟಿತ್ತು. ಮೊಕದ್ದಮೆಗಳು ವರ್ಷಗಟ್ಟಲೆ ನಡೆಯುತ್ತಿದ್ದವು. ಬ್ಯಾಂಕುಗಳ ಬಾಕಿ ಬೆಳೆಯುತ್ತಾ ಹೋದಾಗ ಸಂಸತ್ತು 2002ರಲ್ಲಿ ಹೊಸ ಕಾಯ್ದೆಯನ್ನು ತಂದಿತು. ಸರ್ಫೇಸಿ ಎಂಬ ಚುಟುಕು ಹೆಸರಿನಿಂದ ಅದು ಪ್ರಸಿದ್ಧ. ನ್ಯಾಯಾಲಯದ ಡಿಕ್ರಿಯಿಲ್ಲದೆಯೇ ಅಡಮಾನದ ಆಸ್ತಿಯನ್ನು ಸ್ವಾಧೀನಪಡಿಸಿಕೊಂಡು ಮಾರುವ ಅಧಿಕಾರವನ್ನು ಅದು ಬ್ಯಾಂಕುಗಳಿಗೆ ನೀಡಿತು. ಈ ವಿಷಯಗಳಲ್ಲಿ ಸಿವಿಲ್ ನ್ಯಾಯಾಲಯದ ಬಾಗಿಲನ್ನು 34ನೇ ಕಲಮು ಮುಚ್ಚಿತು.

ಆರಂಭದಲ್ಲಿ ಈ ಕಾಯ್ದೆ ಸಾಲಗಾರನ ಪಾಲಿಗೆ ಇನ್ನಷ್ಟು ಕಠೋರವಾಗಿತ್ತು. ಬ್ಯಾಂಕಿನ ಕ್ರಮವನ್ನು ಪ್ರಶ್ನಿಸಬೇಕಾದರೆ ಕೇಳಿದ ಮೊತ್ತದ ಶೇ. 75ನ್ನು ಮೊದಲೇ ಠೇವಣಿ ಇಡಬೇಕಿತ್ತು. ಅಷ್ಟು ಹಣವಿದ್ದವನು ಕಂತನ್ನೇಕೆ ತಪ್ಪಿಸುತ್ತಾನೆ? 2004ರ ಏಪ್ರಿಲ್‌ನಲ್ಲಿ ಮಾರ್ಡಿಯಾ ಕೆಮಿಕಲ್ಸ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿದರೂ ಈ ಷರತ್ತನ್ನು ರದ್ದುಪಡಿಸಿತು. ನೋಟೀಸಿಗೆ ಸಾಲಗಾರ ಸಲ್ಲಿಸುವ ಆಕ್ಷೇಪಣೆಯನ್ನು ಬ್ಯಾಂಕು ಪರಿಶೀಲಿಸಿ ಕಾರಣಸಹಿತ ಉತ್ತರಿಸಬೇಕೆಂದೂ ಹೇಳಿತು. ಅದೇ ವರ್ಷ ಸಂಸತ್ತು ಆ ಮಾತನ್ನು ಕಾಯ್ದೆಯೊಳಗೇ ಸೇರಿಸಿತು. ಇಂದು ಸಾಮಾನ್ಯ ಮನೆಯೊಡೆಯನ ಕೈಯಲ್ಲಿರುವ ಹಲವು ಹಕ್ಕುಗಳು ಹೀಗೆ ಯಾರೋ ಪ್ರಶ್ನೆ ಕೇಳಿದ್ದರಿಂದ ಬಂದವು.

ಸಹಕಾರಿ ಬ್ಯಾಂಕಿನಲ್ಲಿ ಸಾಲ ಮಾಡಿದವರು ತಮಗೆ ಈ ಕಾಯ್ದೆ ಅನ್ವಯಿಸದೆಂದು ಭಾವಿಸುವುದುಂಟು. ಅದು ತಪ್ಪು. ಸಹಕಾರಿ ಬ್ಯಾಂಕುಗಳೂ ಇದನ್ನು ಬಳಸಬಹುದೆಂದು 2020ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿದೆ. ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. 2025ರಲ್ಲಿ ಕರ್ನಾಟಕ ಸರಕಾರ ಕಿರುಸಾಲಗಳ ವಸೂಲಿಯಲ್ಲಿ ನಡೆಯುವ ದೌರ್ಜನ್ಯವನ್ನು ತಡೆಯಲು ಮೊದಲು ಸುಗ್ರೀವಾಜ್ಞೆಯನ್ನೂ ಬಳಿಕ ಕಾಯ್ದೆಯನ್ನೂ ತಂದಿತು. ಅದು ಒಳ್ಳೆಯ ಹೆಜ್ಜೆಯೇ. ಆದರೆ ಬ್ಯಾಂಕಿಗೆ ಅಡವಿಟ್ಟ ಮನೆಯ ಹರಾಜನ್ನು ಅದು ನಿಲ್ಲಿಸುವುದಿಲ್ಲ. ಆ ಹೊಸ ಕಾಯ್ದೆ ಬಂದಿದೆಯೆಂದು ನೆಮ್ಮದಿಯಿಂದ ಕುಳಿತರೆ ದಿನಗಳು ಕೈಜಾರುತ್ತವೆ.

ದಿನಗಳ ಲೆಕ್ಕ

ಪ್ರತಿ ಕುಟುಂಬವೂ ಈ ಲೆಕ್ಕವನ್ನು ಬರೆದಿಟ್ಟುಕೊಳ್ಳಬೇಕು.

ಕಂತು 90 ದಿನಗಳಿಗಿಂತ ಹೆಚ್ಚು ಕಾಲ ಬಾಕಿ ಉಳಿದರೆ ಬ್ಯಾಂಕು ಆ ಸಾಲವನ್ನು ಅನುತ್ಪಾದಕ ಆಸ್ತಿ, ಅಂದರೆ ಎನ್‌ಪಿಎ, ಎಂದು ವರ್ಗೀಕರಿಸುತ್ತದೆ. ಆ ಬಳಿಕ 13ನೇ ಕಲಮಿನ 2ನೇ ಉಪಕಲಮಿನ ಪ್ರಕಾರ 60 ದಿನಗಳ ನೋಟೀಸು ಬರುತ್ತದೆ. ಎಷ್ಟು ಬಾಕಿಯಿದೆ, ಯಾವ ಆಸ್ತಿಯ ಮೇಲೆ ಕ್ರಮ ಎಂಬ ವಿವರ ಅದರಲ್ಲಿರಲೇಬೇಕು. ಈ 60 ದಿನಗಳು ಅತ್ಯಂತ ಅಮೂಲ್ಯ. ಲೆಕ್ಕದಲ್ಲಿ ತಪ್ಪಿದ್ದರೆ, ಕಟ್ಟಿದ ಕಂತು ಜಮೆಯಾಗಿಲ್ಲದಿದ್ದರೆ, ಕಾಯಿಲೆಯೋ ಕೆಲಸ ಹೋದದ್ದೋ ಕಾರಣವಾಗಿದ್ದು ಮರುಹೊಂದಾಣಿಕೆ ಬೇಕಿದ್ದರೆ, ಎಲ್ಲವನ್ನೂ ಲಿಖಿತವಾಗಿ ಸಲ್ಲಿಸಬೇಕು. ಬ್ಯಾಂಕು 15 ದಿನಗಳೊಳಗೆ ಉತ್ತರಿಸಬೇಕು. ಒಪ್ಪದಿದ್ದರೆ ಕಾರಣ ಹೇಳಬೇಕು. ಆ ಉತ್ತರದ ವಿರುದ್ಧ ಆಗಲೇ ಮೇಲ್ಮನವಿಗೆ ಅವಕಾಶವಿಲ್ಲ ಎಂಬುದು ನಿಜ. ಆದರೆ ಮುಂದೆ ನ್ಯಾಯಮಂಡಳಿಯ ಮುಂದೆ ನಿಲ್ಲುವ ದಿನ ಬಂದರೆ ಇಂದಿನ ಆ ಪತ್ರವೇ ಸಾಕ್ಷಿ.

ಈ ನೋಟೀಸು ಬಂದ ಬಳಿಕ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮನೆಯನ್ನು ಮಾರುವಂತಿಲ್ಲ, ಗುತ್ತಿಗೆಗೆ ಕೊಡುವಂತಿಲ್ಲ. ಇದನ್ನು ತಿಳಿಯದೆ ಗುಟ್ಟಾಗಿ ಮುಂಗಡ ಹಣ ಪಡೆದವರು ಎರಡೆರಡು ತೊಂದರೆಗಳಿಗೆ ಸಿಲುಕುತ್ತಾರೆ. ಆದರೆ ಒಪ್ಪಿಗೆ ಕೇಳಲು ಅಡ್ಡಿಯಿಲ್ಲ. ಮನೆ ಉಳಿಯುವುದೇ ಇಲ್ಲವೆಂದು ಖಚಿತವಾದರೆ ಬ್ಯಾಂಕಿನ ಒಪ್ಪಿಗೆ ಪಡೆದು ತಾವೇ ಖರೀದಿದಾರರನ್ನು ಹುಡುಕುವುದು ಹರಾಜಿಗಿಂತ ಎಷ್ಟೋ ಮೇಲು. ಅವಸರದ ಹರಾಜಿನಲ್ಲಿ ಮನೆಗೆ ಅದರ ಬೆಲೆ ಸಿಗುವುದು ಅಪರೂಪ.

60 ದಿನಗಳು ಕಳೆದ ಮೇಲೆ ಸ್ವಾಧೀನದ ಸೂಚನೆ ಬರುತ್ತದೆ. ಅದನ್ನು ಬಾಗಿಲಿಗೆ ಅಂಟಿಸಿ ಎರಡು ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಅವುಗಳಲ್ಲೊಂದು ಸ್ಥಳೀಯ ಭಾಷೆಯದಾಗಿರಬೇಕು. ಇಲ್ಲಿ ನೆನಪಿಡಬೇಕಾದ ಸಂಖ್ಯೆ 45. ಸ್ವಾಧೀನದ ಕ್ರಮ ನಡೆದ ದಿನದಿಂದ 45 ದಿನಗಳೊಳಗೆ 17ನೇ ಕಲಮಿನಡಿ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ, ಅರ್ಜಿ ಸಲ್ಲಿಸಬಹುದು. ಬೆಂಗಳೂರಿನಲ್ಲೇ ಇಂತಹ ಎರಡು ನ್ಯಾಯಮಂಡಳಿಗಳಿವೆ. ಈಗ ಶೇ. 75ರ ಠೇವಣಿ ಬೇಕಿಲ್ಲ. 30 ಲಕ್ಷ ರೂಪಾಯಿ ಬಾಕಿಯಿರುವ ಸಾಲಗಾರನಿಗೆ ಅರ್ಜಿಯ ಶುಲ್ಕ 10,000 ರೂಪಾಯಿ. ಬ್ಯಾಂಕು ನಿಯಮ ಮೀರಿದೆಯೆಂದು ಕಂಡುಬಂದರೆ ಸ್ವಾಧೀನವನ್ನು ಸಾಲಗಾರನಿಗೆ ಮರಳಿಸುವ ಅಧಿಕಾರ ನ್ಯಾಯಮಂಡಳಿಗಿದೆ. ಅಲ್ಲಿ ಸೋತರೆ ಚೆನ್ನೈಯ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಆದರೆ ಅಲ್ಲಿ ಬಾಕಿಯ ಅರ್ಧದಷ್ಟು ಠೇವಣಿ ಇಡಬೇಕು. ನ್ಯಾಯಮಂಡಳಿ ಮನಸ್ಸು ಮಾಡಿದರೂ ಕಾಲು ಭಾಗಕ್ಕಿಂತ ಕಡಿಮೆ ಮಾಡುವಂತಿಲ್ಲ. ಆದ್ದರಿಂದ ಬಡವನ ಪಾಲಿಗೆ ಮೊದಲ ಮೆಟ್ಟಿಲೇ ಬಹುಮಟ್ಟಿಗೆ ಕೊನೆಯ ಮೆಟ್ಟಿಲು.

ಬಳಿಕ ಮಾರಾಟ. ಅನುಮೋದಿತ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಿ, ಕನಿಷ್ಠ ದರ ನಿಗದಿಪಡಿಸಿ, ಸಾಲಗಾರನಿಗೆ 30 ದಿನಗಳ ಸೂಚನೆ ಕೊಡಬೇಕು. ಕನಿಷ್ಠ ದರ ತೀರಾ ಕಡಿಮೆಯೆನಿಸಿದರೆ ಪ್ರಶ್ನಿಸಬಹುದು. ಇಲ್ಲಿಯೇ ನಮ್ಮ ವಿಜಯನಗರದ ಸಹೋದರರು ಎಡವಿದ್ದು. 2016ರ ತಿದ್ದುಪಡಿಗೆ ಮುಂಚೆ ಮಾರಾಟ ಪೂರ್ಣವಾಗುವವರೆಗೂ ಹಣ ಕಟ್ಟಿ ಮನೆ ಬಿಡಿಸಿಕೊಳ್ಳಬಹುದಿತ್ತು. ಈಗ ಹರಾಜಿನ ಸೂಚನೆ ಪ್ರಕಟವಾಗುವ ಮೊದಲೇ ಪೂರ್ತಿ ಬಾಕಿಯನ್ನು ಕಟ್ಟಬೇಕು. ಸೆಲಿರ್ ಪ್ರಕರಣದಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಇದನ್ನೇ ದೃಢಪಡಿಸಿತು.

ಇನ್ನೂ ಕೆಲವು ಮಾತುಗಳನ್ನು ಚುಟುಕಾಗಿ ಹೇಳಬೇಕು. ಬಾಕಿ ಉಳಿದಿರುವುದು ಅಸಲು ಮತ್ತು ಬಡ್ಡಿಯ ಒಟ್ಟು ಮೊತ್ತದ ಶೇ. 20ಕ್ಕಿಂತ ಕಡಿಮೆಯಿದ್ದರೆ ಈ ಕಾಯ್ದೆಯನ್ನು ಬಳಸುವಂತಿಲ್ಲ. ಕೃಷಿಭೂಮಿಗೂ ಇದು ಅನ್ವಯಿಸದು. ವಸೂಲಿಯ ಏಜೆಂಟರು ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಬಳಿಕ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನವಿದೆ. ದಂಡವನ್ನು ಬಡ್ಡಿಯ ರೂಪದಲ್ಲಿ ಸೇರಿಸಿ, ಅದರ ಮೇಲೆ ಮತ್ತೆ ಬಡ್ಡಿ ಬೆಳೆಸುವುದನ್ನು 2023ರ ಆಗಸ್ಟ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಮೂಲಕ ರಿಸರ್ವ್ ಬ್ಯಾಂಕು ನಿಷೇಧಿಸಿದೆ. ಇಂತಹ ದೂರಿಗೆ ಬ್ಯಾಂಕು 30 ದಿನಗಳಲ್ಲಿ ಸಮಾಧಾನಕರ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಪಡೆಯುವ ಹಕ್ಕನ್ನು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಕೊಟ್ಟಿದೆ. ಸಹಾಯವಾಣಿಯ ಸಂಖ್ಯೆ 15100. ಮನೆ ಪತ್ನಿಯ ಹೆಸರಿನಲ್ಲಿದ್ದರೆ ಅಥವಾ ಸಾಲಪತ್ರಕ್ಕೆ ಆಕೆಯ ಸಹಿಯಿದ್ದರೆ ಈ ಮಾತಿನ ಬೆಲೆ ಗೊತ್ತಾಗುತ್ತದೆ.

ದೀನ್ ಏನು ಹೇಳುತ್ತದೆ?

ನಾವು ಮದ್ರಸದಲ್ಲಿ ಪಾಠ ಹೇಳುವವರು, ವಕೀಲರಲ್ಲ. ಕಾನೂನಿನ ವಿವರಗಳನ್ನು ನಾವೂ ಆ ರಾತ್ರಿಯ ಬಳಿಕವೇ ಕೇಳಿ, ಓದಿ ಕಲಿತೆವು. ಕಲಿಯುತ್ತಾ ಹೋದಂತೆ, ನಾವು ಓದಿದ ಫಿಕ್‌ಹ್‌ನ ಅಧ್ಯಾಯಗಳು ಕಣ್ಣಮುಂದೆ ಬಂದವು.

ಸೂರಃ ಅಲ್ ಬಕರದ 280ನೇ ಸೂಕ್ತವನ್ನು ನಾವೆಲ್ಲ ಬಲ್ಲೆವು. ಸಾಲಗಾರನು ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಅವನಿಗೆ ಕಾಲಾವಕಾಶ ಕೊಡಬೇಕೆಂದೂ, ಬಿಟ್ಟುಕೊಡುವುದು ಇನ್ನೂ ಉತ್ತಮವೆಂದೂ ಅಲ್ಲಾಹನು ಅಲ್ಲಿ ಬೋಧಿಸಿರುವನು. ಅದರ ಬಳಿಕ, ಒಂದು ಸೂಕ್ತದ ಅಂತರದಲ್ಲಿ, ಸಾಲದ ಕರಾರನ್ನು ಬರೆದಿಡಬೇಕೆಂಬ ಆದೇಶವಿದೆ. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಅದೇ. ನಮಾಝ್, ಉಪವಾಸಗಳ ಕುರಿತಲ್ಲ, ಸಾಲದ ಕಾಗದಪತ್ರದ ಕುರಿತು ಅಷ್ಟು ದೀರ್ಘವಾದ ಸೂಕ್ತ ಅವತೀರ್ಣವಾಗಿದೆ ಎಂಬುದನ್ನು ನಾವು ಎಂದಾದರೂ ಯೋಚಿಸಿದ್ದೇವೆಯೇ? ಹಾಗಿದ್ದೂ ಬ್ಯಾಂಕಿನ ಕಾಗದ ಬಂದರೆ ಅದನ್ನು ಬೀರುವಿನ ಮೇಲೆ ಎಸೆಯುವವರು ನಾವೇ.

ಅಡಮಾನಕ್ಕೆ ಫಿಕ್‌ಹ್‌ನಲ್ಲಿ ರಹ್ನ್ ಎನ್ನುತ್ತಾರೆ. ಪ್ರವಾದಿ ಮುಹಮ್ಮದ್(ಸ)ರು ವಿದಾಯ ಹೇಳಿದಾಗ ಅವರ ಕವಚ ಮದೀನಾದ ಓರ್ವ ಯಹೂದಿಯ ಬಳಿ ಜವೆಗೋಧಿಗಾಗಿ ಅಡವಿನಲ್ಲಿತ್ತೆಂದು ಆಯಿಶಾ(ರ)ರಿಂದ ವರದಿಯಾಗಿದೆ. ಅಡವಿಡುವುದು ಅವಮಾನವಾಗಿದ್ದರೆ ಆ ಸ್ಥಿತಿ ಅವರಿಗೆ ಬರುತ್ತಿರಲಿಲ್ಲ. ಗಡುವು ಮೀರಿದೊಡನೆ ಅಡವಿಟ್ಟ ವಸ್ತುವನ್ನು ಸಾಲ ಕೊಟ್ಟವನೇ ನುಂಗಿಬಿಡುವ ಜಾಹಿಲಿಯ್ಯಾ ಕಾಲದ ಪದ್ಧತಿಯನ್ನು ಅವರು ನಿಷೇಧಿಸಿದರು. ಮಾರಿದರೂ ಸಾಲದಷ್ಟು ಮಾತ್ರ ಸಾಲ ಕೊಟ್ಟವನಿಗೆ, ಮಿಕ್ಕದ್ದು ಒಡೆಯನಿಗೆ ಎಂಬುದು ಫುಕಹಾಗಳ ನಿಲುವು. ಸರ್ಫೇಸಿ ಕಾಯ್ದೆಯ 13ನೇ ಕಲಮಿನ 7ನೇ ಉಪಕಲಮು ಹೇಳುವುದೂ ಅದನ್ನೇ: ಖರ್ಚು ಮತ್ತು ಬಾಕಿ ಕಳೆದು ಉಳಿದ ಹಣ ಅದಕ್ಕೆ ಹಕ್ಕುಳ್ಳವನಿಗೆ ಸಲ್ಲಬೇಕು. ವಿಜಯನಗರದ ಆ ಕುಟುಂಬಕ್ಕೆ ಇದು ಗೊತ್ತಿರಲಿಲ್ಲ. ಮನೆ ಹೋದ ಮೇಲೆ ಎಲ್ಲವೂ ಹೋಯಿತೆಂದೇ ಅವರು ತಿಳಿದಿದ್ದರು. ಲಿಖಿತವಾಗಿ ಲೆಕ್ಕ ಕೇಳಿದ ಬಳಿಕ ಉಳಿದ ಮೊತ್ತ ಅವರ ಕೈಸೇರಿತು. ಅದರಿಂದಲೇ ಇಂದು ಅವರು ಕೆಂಗೇರಿಯ ಕಡೆ ಬಾಡಿಗೆ ಮನೆಯಲ್ಲಿದ್ದಾರೆ. ಮಕ್ಕಳ ಶಾಲೆ ನಿಂತಿಲ್ಲ.

ಸಾಲ ತೀರಿಸಲು ಶಕ್ತನಾದವನು ತಡಮಾಡುವುದು ಅನ್ಯಾಯವೆಂದೂ ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಬ್ಯಾಂಕಿನಲ್ಲಿರುವುದು ಯಾರದೋ ಉಳಿತಾಯದ ಹಣ. ಅದನ್ನು ತಿರುಗಿಸಿ ಕೇಳುವುದು ಅಪರಾಧವಲ್ಲ. ಕಾನೂನಿನ ದಿನಗಳನ್ನು ತಪ್ಪಿಸಿಕೊಳ್ಳುವ ತಂತ್ರವಾಗಿ ಬಳಸುವವರಿಗೆ ಈ ಲೇಖನದಲ್ಲಿ ಏನೂ ಇಲ್ಲ. ಕೊಡಲು ಮನಸ್ಸಿದ್ದೂ ಕೈ ಸೋತವರಿಗಾಗಿಯೇ ಕಾಲಾವಕಾಶವಿರುವುದು.

ನಮ್ಮವರದೇ ಆಕ್ಷೇಪ

ಬಡ್ಡಿಯ ಸಾಲ ಮಾಡಿದವನಿಗೆ ಇದೇ ಆಗಬೇಕು, ಅವನ ಪರವಾಗಿ ಮಸೀದಿಯೇಕೆ ಮಾತನಾಡಬೇಕು ಎಂದು ಕೆಲವು ಹಿರಿಯರು ನಮ್ಮನ್ನು ಕೇಳಿದ್ದಾರೆ. ಬಡ್ಡಿ ಹರಾಮ್ ಎಂಬುದರಲ್ಲಿ ನಮಗೆ ಯಾವ ಸಂದೇಹವೂ ಇಲ್ಲ. ಮಿಂಬರಿನಿಂದ ಅದನ್ನು ಹೇಳಬೇಕಾದದ್ದೇ, ಸಾಲ ಮಾಡುವ ಮೊದಲು ಹೇಳಬೇಕಾದದ್ದು. ಆದರೆ ಬಾವಿಗೆ ಬಿದ್ದವನಿಗೆ ಮೇಲೆ ನಿಂತು ಉಪದೇಶ ಮಾಡುವುದು ಯಾವ ಸುನ್ನತ್? ಮೊದಲು ಹಗ್ಗ ಇಳಿಸಬೇಕು. ತೌಬಾದ ಬಾಗಿಲು ಅವನಿಗೂ ತೆರೆದಿದೆ, ನಮಗೂ ತೆರೆದಿದೆ. ಮನೆಯೊಳಗಿರುವ ಮಕ್ಕಳು ಯಾವ ಕರಾರಿಗೂ ಸಹಿ ಹಾಕಿದವರಲ್ಲ.

ಪರ್ಯಾಯವನ್ನು ನಾವು ಕಟ್ಟಿಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು. ಈ ದೇಶದಲ್ಲಿ ಇಸ್ಲಾಮಿಕ್ ಬ್ಯಾಂಕಿಂಗ್ ತರುವ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲವೆಂದು ರಿಸರ್ವ್ ಬ್ಯಾಂಕು 2017ರಲ್ಲಿ ತಿಳಿಸಿತು. ಬಡ್ಡಿಯಿಲ್ಲದ ದಾರಿ ಹುಡುಕಿದವರ ಆಸೆಯನ್ನೇ ಬಂಡವಾಳ ಮಾಡಿಕೊಂಡ ಐಎಂಎ ಹಗರಣ 2019ರ ಜೂನ್‌ನಲ್ಲಿ ಇದೇ ಬೆಂಗಳೂರಿನಲ್ಲಿ ಹೊರಬಂತು. ಹಲಾಲ್ ಹೂಡಿಕೆಯೆಂಬ ಮಾತನ್ನು ನಂಬಿದ ಸಹಸ್ರಾರು ಕುಟುಂಬಗಳು, ಅದರಲ್ಲೂ ನಮ್ಮ ತಾಯಂದಿರು, ಆಯುಷ್ಯದ ಉಳಿತಾಯ ಕಳಕೊಂಡರು. ಹೀಗಿರುವಾಗ ಮನೆಯೊಂದನ್ನು ಕಟ್ಟಿಕೊಳ್ಳಲು ಹೊರಟ ಸಾಧಾರಣ ಮನುಷ್ಯನನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವಲ್ಲ.

ಮಸೀದಿ ಮಾಡಬಹುದಾದದ್ದು

ಕಅಬ್ ಬಿನ್ ಮಾಲಿಕ್(ರ)ರು ಇಬ್ನು ಅಬೀ ಹದ್‌ರದ್(ರ)ರಿಂದ ಬರಬೇಕಿದ್ದ ಸಾಲವನ್ನು ಮಸೀದಿಯಲ್ಲೇ ಕೇಳಿದರು. ಮಾತು ಏರಿತು. ಮನೆಯೊಳಗಿದ್ದ ಪ್ರವಾದಿ(ಸ)ರಿಗೆ ಅದು ಕೇಳಿಸಿತು. ಅವರು ಪರದೆಯನ್ನು ಸರಿಸಿ ಹೊರಬಂದು, ಅರ್ಧ ಬಿಟ್ಟುಬಿಡುವಂತೆ ಕಅಬ್‌ರಿಗೆ ಕೈಸನ್ನೆ ಮಾಡಿದರು. ಅವರು ಒಪ್ಪಿದರು. ಕೂಡಲೇ ಸಾಲಗಾರನ ಕಡೆ ತಿರುಗಿ, ಎದ್ದು ಉಳಿದದ್ದನ್ನು ತೀರಿಸುವಂತೆ ಹೇಳಿದರು. ಸಾಲಗಾರನಿಗೆ ರಿಯಾಯಿತಿ, ಸಾಲ ಕೊಟ್ಟವನಿಗೆ ತಕ್ಷಣದ ಪಾವತಿ. ಎರಡೂ ಒಂದೇ ಗಳಿಗೆಯಲ್ಲಿ. ಇಂದು ಬ್ಯಾಂಕುಗಳು ಒಂದೇ ಬಾರಿಯ ಇತ್ಯರ್ಥವೆಂದು ಕರೆಯುವುದು ಇದಕ್ಕೆ ಬಹಳ ದೂರದ ಸಂಗತಿಯಲ್ಲ. ಇದರಲ್ಲಿ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸುವುದು ಒಂದು ವಿಷಯ: ಆ ಸಾಲದ ಮಾತು ಮಸೀದಿಯೊಳಗೆ ನಡೆಯಿತು, ಗಟ್ಟಿಯಾಗಿ ನಡೆಯಿತು, ಆದ್ದರಿಂದಲೇ ಕೇಳಿಸಬೇಕಾದವರಿಗೆ ಕೇಳಿಸಿತು. ನಮ್ಮ ಸಾಲಗಾರರು ಪಿಸುಗುಟ್ಟುವುದೂ ಇಲ್ಲ.

ರಾಜಾಜಿನಗರದಿಂದ ಕೆಂಗೇರಿಯವರೆಗಿನ ನಮ್ಮ ಮಸೀದಿಗಳಲ್ಲಿ ವಕೀಲರಿದ್ದಾರೆ, ನಿವೃತ್ತ ಬ್ಯಾಂಕ್ ನೌಕರರಿದ್ದಾರೆ, ಲೆಕ್ಕ ಬಲ್ಲ ಯುವಕರಿದ್ದಾರೆ. ತಿಂಗಳಿಗೊಂದು ದಿನ, ಅಸರ್ ಮತ್ತು ಮಗ್ರಿಬ್ ನಡುವೆ, ಇವರಲ್ಲಿ ಇಬ್ಬರು ಕುಳಿತು ಬಂದವರ ಕಾಗದಗಳನ್ನು ಓದಿ ಹೇಳಿದರೆ ಸಾಕು. ಯಾವ ದಿನಾಂಕದಿಂದ ಎಷ್ಟು ದಿನಗಳು ಉಳಿದಿವೆಯೆಂದು ಒಂದು ಚೀಟಿಯಲ್ಲಿ ಬರೆದುಕೊಡಲಿ. ಬಂದವರ ಹೆಸರು ಹೊರಗೆ ಹೋಗದಂತೆ ನೋಡಿಕೊಳ್ಳಲಿ. ಇದಕ್ಕೆ ಕಟ್ಟಡ ಬೇಡ, ಚಂದಾ ಬೇಡ. ಐಎಂಎಯ ಬಳಿಕ ಹಣ ಸಂಗ್ರಹಿಸುವ ಯಾವ ಹೊಸ ಯೋಜನೆಯನ್ನೂ ಜನ ಸಂಶಯದಿಂದ ನೋಡುತ್ತಾರೆ, ನೋಡಲೇಬೇಕು. ಆದ್ದರಿಂದ ಹಣದಿಂದಲ್ಲ, ಓದುವುದರಿಂದ ಆರಂಭಿಸೋಣ.

ಎರಡನೆಯದು ಝಕಾತ್. ಸೂರಃ ಅತ್ತೌಬಾದ 60ನೇ ಸೂಕ್ತ ಎಣಿಸುವ ಎಂಟು ವರ್ಗಗಳಲ್ಲಿ ಸಾಲದಲ್ಲಿ ಮುಳುಗಿದವರೂ ಸೇರಿದ್ದಾರೆ. ರಮಝಾನಿನಲ್ಲಿ ಕಿಟ್ ಹಂಚುವ ಉತ್ಸಾಹದ ಒಂದಂಶ ಈ ವರ್ಗದತ್ತ ಹರಿದರೆ, ಮೂರು ಕಂತುಗಳ ಬಾಕಿಯಲ್ಲಿರುವ ಮನೆ ಎನ್‌ಪಿಎ ಆಗುವ ಮೊದಲೇ ಉಳಿಯಬಹುದು. ಯಾರಿಗೆ, ಯಾವ ಸಾಲಕ್ಕೆ ಸಲ್ಲುತ್ತದೆ ಎಂಬುದನ್ನು ಉಲಮಾಗಳು ಕುಳಿತು ತೀರ್ಮಾನಿಸಲಿ; ಆದರೆ ತೀರ್ಮಾನಿಸಲಿ.

ಮೂರನೆಯದು ಜಾಮೀನು. ಗೆಳೆತನಕ್ಕಾಗಿ, ಸಂಬಂಧಕ್ಕಾಗಿ ಜಾಮೀನು ಸಹಿ ಹಾಕುವವರು ನಮ್ಮಲ್ಲಿ ಬಹಳ. ಈ ಕಾಯ್ದೆಯಲ್ಲಿ ಸಾಲಗಾರ ಎಂಬ ಪದದಲ್ಲಿ ಜಾಮೀನುದಾರನೂ ಸೇರಿದ್ದಾನೆ. ಅವನು ಭದ್ರತೆಗೆಂದು ಕೊಟ್ಟ ಮನೆಯೂ ಹರಾಜಿಗೆ ಬರಬಹುದು. ಸಹಿ ಹಾಕುವ ಮೊದಲು ಹೆಂಡತಿ ಮಕ್ಕಳಿಗೆ ತಿಳಿಸುವುದು ಕನಿಷ್ಠ ಕರ್ತವ್ಯ.

ಸರಕಾರವನ್ನು ಕೇಳಬೇಕಾದದ್ದು

ಸಮುದಾಯದ ಕರ್ತವ್ಯವನ್ನು ಹೇಳಿದ ಮೇಲೆ ಸರಕಾರದ ಕರ್ತವ್ಯವನ್ನೂ ಹೇಳಬೇಕು. ಸ್ವಾಧೀನದ ಸೂಚನೆ ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ ಬರಬೇಕೆಂದು ನಿಯಮ ಹೇಳುತ್ತದೆ. ಆದರೆ ಅದಕ್ಕೂ ಮುಂಚೆ ಮನೆಯೊಡೆಯನ ಕೈಗೆ ಬರುವ 60 ದಿನಗಳ ನೋಟೀಸು ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಇರುತ್ತದೆ. ಅಂದರೆ ಮನೆ ಹೋಗುವ ಸುದ್ದಿಯನ್ನು ನೆರೆಹೊರೆಯವರು ಕನ್ನಡದಲ್ಲಿ ಓದಬಹುದು. ಮನೆ ಉಳಿಸಿಕೊಳ್ಳುವ ಅವಕಾಶವನ್ನು ಮನೆಯವರು ಕನ್ನಡದಲ್ಲಿ ಓದುವಂತಿಲ್ಲ. ಇದು ಯಾವ ನ್ಯಾಯ? ಆ ಮೊದಲ ನೋಟೀಸು ಕನ್ನಡದಲ್ಲೂ ಇರಬೇಕು; ಆಕ್ಷೇಪಣೆ ಸಲ್ಲಿಸುವ ಹಕ್ಕು, ಕೊನೆಯ ದಿನಾಂಕ, ಉಚಿತ ಕಾನೂನು ನೆರವಿನ ಸಂಖ್ಯೆ ಅದರಲ್ಲಿ ದಪ್ಪಕ್ಷರಗಳಲ್ಲಿರಬೇಕು.

ಕುಟುಂಬ ವಾಸವಿರುವ ಒಂದೇ ಮನೆಯ ವಿಷಯದಲ್ಲಾದರೂ 2016ಕ್ಕೆ ಮುಂಚಿನ ಸ್ಥಿತಿ ಮರಳಬೇಕು. ಹರಾಜು ನಡೆಯುವ ಮುನ್ನಾದಿನ ಪೂರ್ತಿ ಹಣ ತಂದವನನ್ನು ಹಿಂದಕ್ಕೆ ಕಳುಹಿಸುವುದರಿಂದ ಬ್ಯಾಂಕಿಗೆ ಯಾವ ಲಾಭವಿದೆ? ಅದಕ್ಕೆ ಬೇಕಿದ್ದುದು ಹಣ, ಹಣ ಬಂದಿದೆ. ಹರಾಜಿನಲ್ಲಿ ಕೊಳ್ಳಬರುವವನಿಗೆ ಭರವಸೆ ಬೇಕೆಂಬ ವಾದ ನಮಗೆ ಅರ್ಥವಾಗುತ್ತದೆ. ಆದರೆ ಇನ್ನೂ ಕೂಗದ ಹರಾಜಿನ, ಇನ್ನೂ ಬಾರದ ಕೊಳ್ಳುಗನ ಅನುಕೂಲವನ್ನು, ಆ ಮನೆಯಲ್ಲಿ ಮಲಗಿರುವ ಮಗುವಿಗಿಂತ ಮೇಲೆ ಇಡಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಇದು ಮುಸ್ಲಿಮರ ಮಾತ್ರ ಬೇಡಿಕೆಯಲ್ಲ. ಬಸವೇಶ್ವರನಗರದ ನೌಕರ, ಮಾಗಡಿ ರಸ್ತೆಯ ಅಂಗಡಿಕಾರ, ಕೆಂಗೇರಿ ಉಪನಗರದ ಆಟೋ ಚಾಲಕ ಎಲ್ಲರದೂ ಹೌದು. ಸಾಲ ಜಾತಿ ಕೇಳಿ ಬರುವುದಿಲ್ಲ.

ಆ ಸಹೋದರರು ಈಗಲೂ ಕೆಲವು ಶುಕ್ರವಾರ ನಮ್ಮ ಮಸೀದಿಗೆ ಬರುತ್ತಾರೆ. ಕಳೆದ ಬಾರಿ ಅವರ ಜೊತೆ ಇನ್ನೊಬ್ಬರಿದ್ದರು. ಅವರ ಕೈಯಲ್ಲೂ ಒಂದು ಲಕೋಟೆಯಿತ್ತು. ನಮ್ಮ ಸಹೋದರರೇ ಅದನ್ನು ಬಿಚ್ಚಿ, ಬೆರಳಿನಿಂದ ದಿನಾಂಕ ತೋರಿಸಿ, ಇನ್ನೂ ನಲವತ್ತೊಂದು ದಿನಗಳಿವೆ ಎಂದರು. ಅಂದೇ ಆಕ್ಷೇಪಣೆಯ ಪತ್ರ ಬರೆಯಲು ಕುಳಿತೆವು. ಫಲ ಅಲ್ಲಾಹನ ಕೈಯಲ್ಲಿದೆ. ಪತ್ರ ಬರೆಯುವುದು ನಮ್ಮ ಕೈಯಲ್ಲಿದೆ.

ಓದುಗ ಬಂಧುಗಳೇ, ನಿಮ್ಮ ಮನೆಯ ಬೀರುವಿನ ಮೇಲೆ ತೆರೆಯದ ಲಕೋಟೆಯಿದ್ದರೆ ಇಂದೇ ತೆರೆಯಿರಿ. ನೆರೆಯವರ ಬಾಗಿಲಲ್ಲಿ ನೋಟೀಸು ಕಂಡರೆ ಬೇರೆಯವರಿಗೆ ಹೇಳುತ್ತಾ ಹೋಗಬೇಡಿ. ಬಾಗಿಲು ತಟ್ಟಿ ಒಳಗೆ ಹೋಗಿ. ಸಾಲದ ಹೊರೆಯಿಂದ ಅಲ್ಲಾಹನು ನಮ್ಮೆಲ್ಲರನ್ನು ಕಾಪಾಡಲಿ, ಕಷ್ಟದಲ್ಲಿರುವವರಿಗೆ ಅನುಕೂಲದ ದಾರಿ ತೆರೆಯಲಿ, ಅವರ ಜೊತೆ ನಿಲ್ಲುವ ಭಾಗ್ಯವನ್ನು ನಮಗೆ ಕರುಣಿಸಲಿ. ಆಮೀನ್.